ಸೆಕೆಂಡಿಗೆ ಎಂಟು ಲಕ್ಷ

ಚನ್ನವೀರನನ್ನು ಕಂಪನಿಗೆ ಸೇರಿಸಿದವನು ಬಿಂದುಮಾಧವ ಗಲಗಲಿಯೇ. 2002ರಲ್ಲಿ ಸಂದರ್ಶನಕ್ಕೆ ಬಂದಿದ್ದ ಹನ್ನೊಂದು ಹುಡುಗರಲ್ಲಿ ಒಬ್ಬನ ಅರ್ಜಿಯ ಮೇಲೆ ಊರು ಮರಾಠಿ ಸೀಮೆಯ ಭೋರ್, ಮನೆಮಾತು ಕನ್ನಡ ಎಂದಿದ್ದದ್ದನ್ನು ಕಂಡು, ಅಲ್ಲಿಯವರೆಗೆ ಮರಾಠಿಯಲ್ಲಿ ಪ್ರಶ್ನೆ ಕೇಳುತ್ತಿದ್ದವನು ಥಟ್ಟನೆ ಭಾಷೆ ಬದಲಿಸಿದ.

"ಭೋರ್‌ದಾಗ ಕನ್ನಡದವರು ಹೆಂಗಪಾ?"

"ನಮ್ಮಜ್ಜ ಅಥಣಿ ಕಡಿಂದ ಬೆಲ್ಲದ ವ್ಯಾಪಾರಕ್ಕ ಬಂದಾವ್ರಿ. ಹೊಳ್ಳಿ ಹೋಗೂದು ಮರತಬಿಟ್ಟ," ಎಂದು ಹುಡುಗ ನಕ್ಕ.

ಆ ನಗು ಬಿಂದುಮಾಧವನಿಗೆ ಹಿಡಿಸಿತು. ಜೊತೆಗಿದ್ದ ಇಬ್ಬರು ಬೇರೆ ಹೆಸರು ಹೇಳಿದರೂ ಹಟ ಹಿಡಿದು ಇವನನ್ನೇ ಆರಿಸಿದ.

ಅವರ ಕಂಪನಿ ಒಂದು ಡಬ್ಬಿ ಮಾಡುತ್ತಿತ್ತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚುಗಳನ್ನು ತಯಾರಿಸುವವರು ಮಾರುವ ಮೊದಲು ಅವನ್ನು ಪರೀಕ್ಷಿಸಬೇಕಲ್ಲ, ಅದಕ್ಕೆ ಈ ಡಬ್ಬಿ. ಎಥರ್ನೆಟ್ ತಂತಿಯ ಮೇಲೆ ಸಾಧ್ಯವಾದಷ್ಟು ವೇಗವಾಗಿ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ಕಳಿಸುತ್ತಲೇ ಹೋಗಬೇಕು. ಆ ಕಡೆಯ ಸ್ವಿಚ್ಚು ಎಲ್ಲಿ ಸೋಲುತ್ತದೆ ಎಂದು ನೋಡಬೇಕು. ಡಬ್ಬಿಯೇ ನಿಧಾನವಾದರೆ ಪರೀಕ್ಷೆಗೆ ಅರ್ಥವಿಲ್ಲ.

ಇಂಥ ಡಬ್ಬಿಯನ್ನು ಮೊದಲು ಓಡಿಸಿದ್ದು ಬಿಂದುಮಾಧವ. ಧಾರವಾಡದಿಂದ ಬಂದ ಮರುವರ್ಷ, 1994ರಲ್ಲಿ, ಕಂಪನಿ ಇನ್ನೂ ಏರಂಡವಣೆ ಬಡಾವಣೆಯ ಒಂದು ಮನೆಯ ಎರಡು ಕೋಣೆಗಳಲ್ಲಿದ್ದಾಗ, ಸೆಕೆಂಡಿಗೆ ಹತ್ತು ಮೆಗಾಬಿಟ್ ಹರಿಯುವ ತಂತಿಯನ್ನು ಅವನ ಪ್ರೋಗ್ರಾಮು ಒಂದು ಕ್ಷಣವೂ ಖಾಲಿ ಬಿಡದೆ ತುಂಬಿಸಿತ್ತು. ನಾಲ್ಕು ವರ್ಷ ಕಳೆದ ಮೇಲೆ ನೂರು ಮೆಗಾಬಿಟ್ಟಿನ ತಂತಿಯನ್ನೂ ತುಂಬಿಸಿದ. ಕಂಪನಿ ಕಟ್ಟಿದ ಮಾರ್ತಾಂಡ ಸಾಹೇಬರು ಯಾರು ಏನು ತೊಡಕು ತಂದರೂ ಒಂದೇ ಮಾತು ಹೇಳುತ್ತಿದ್ದರು: "ಗಲಗಲೀಂನಾ ವಿಚಾರಾ." ಗಲಗಲಿಯವರನ್ನು ಕೇಳಿ. ಆ ಮಾತು ಎಷ್ಟು ಅಭ್ಯಾಸವಾಗಿತ್ತೆಂದರೆ, ತಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದೂ ಬಿಂದುಮಾಧವನಿಗೆ ತಿಳಿಯುತ್ತಿರಲಿಲ್ಲ.

ಮೊದಲ ಒಂದು ವರ್ಷ ಅವನು ಚನ್ನವೀರನನ್ನು ಮನೆಯ ಹುಡುಗನಂತೆಯೇ ನೋಡಿಕೊಂಡ. ಶನಿವಾರ ಭೋರಿಗೆ ಹೋಗದಿದ್ದರೆ ರವಿವಾರ ಸಹಕಾರನಗರದ ಅವನ ಮನೆಗೇ ಊಟಕ್ಕೆ ಬರಬೇಕು. ಹೆಂಡತಿ ನೀತಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹನ್ನೊಂದು ವರ್ಷದ ಮಗಳು ಪೂರ್ವಾ "ಚನ್ನೂಕಾಕಾ" ಬಂದನೆಂದರೆ ಗಣಿತದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತುಬಿಡುತ್ತಿದ್ದಳು.

"ಬಾಬಾ, ನೀವು ಹೇಳಿಕೊಟ್ರ ತಿಳಿಯೂದಿಲ್ಲ. ಚನ್ನೂಕಾಕಾ ಛಂದ ಹೇಳ್ತಾನ," ಎಂದು ಒಂದು ದಿನ ಅವಳು ಊಟದ ನಡುವೆ ಅಂದಳು. ಎಲ್ಲರೂ ನಕ್ಕರು. ಬಿಂದುಮಾಧವನೂ ನಕ್ಕ. ಕೈಯಲ್ಲಿದ್ದ ತುತ್ತು ಮಾತ್ರ ಯಾಕೋ ಕೂಡಲೇ ಬಾಯಿಗೆ ಹೋಗಲಿಲ್ಲ.

ಅದಾದ ಮೇಲೆ ಆಫೀಸು ಮಗರಪಟ್ಟಾದ ಹೊಸ ಕಟ್ಟಡಕ್ಕೆ ಬಂತು. ಸಿಮೆಂಟಿನ ವಾಸನೆ ಇನ್ನೂ ಆರದ ಆ ಮೂರನೆಯ ಮಹಡಿಯಲ್ಲಿ, ಚಹಾದ ಹೊತ್ತಿಗೆ ಜನ ಚನ್ನವೀರನ ಮೇಜಿನ ಸುತ್ತ ಸೇರುವುದನ್ನು ಅವನು ಗಮನಿಸತೊಡಗಿದ. ತನ್ನ ಮೇಜಿಗೆ ಕೆಲಸವಿದ್ದರಷ್ಟೇ ಬರುತ್ತಿದ್ದರು. ಒಂದು ಬುಧವಾರ ಯಾರೋ ಪ್ಯಾಕೆಟ್ಟಿನ ವಿಳಾಸದ ಬಗ್ಗೆ ಏನೋ ಕೇಳಿದರು. ಮಾರ್ತಾಂಡ ಸಾಹೇಬರು ನಡೆಯುತ್ತಲೇ, ತಿರುಗಿ ಕೂಡ ನೋಡದೆ, "ಚನ್ನವೀರಲಾ ವಿಚಾರಾ" ಎಂದು ಹೇಳಿ ಹೋದರು.

ಬಿಂದುಮಾಧವ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದ. ಎದೆಗೆ ಯಾರೋ ಮೊಣಕೈಯಿಂದ ತಿವಿದಂತಾಯಿತು. ಇದೇನು ಹುಚ್ಚು, ಹುಡುಗ ನನ್ನವನೇ ಅಲ್ಲವೇ, ಅವನ ಹೆಸರು ಮೇಲೆ ಬಂದರೆ ನನಗೇ ಹೆಮ್ಮೆ, ಎಂದು ತನಗೆ ತಾನೇ ಹೇಳಿಕೊಂಡ. ಸಂಜೆಯವರೆಗೆ ಹೇಳಿಕೊಳ್ಳುತ್ತಲೇ ಇದ್ದ.

2004ರ ಜೂನ್ ತಿಂಗಳಲ್ಲಿ ಹೊಸ ಗಿರಾಕಿ ಬಂದರು. ಅವರು ಮಾಡುತ್ತಿದ್ದದ್ದು ಗಿಗಾಬಿಟ್ ಸ್ವಿಚ್ಚು. ನೂರರ ಹತ್ತು ಪಟ್ಟು. ದೊಡ್ಡ ದೊಡ್ಡ ಪ್ಯಾಕೆಟ್ ಕಳಿಸಿ ತಂತಿ ತುಂಬಿಸುವುದು ಕಷ್ಟವಲ್ಲ. ಅವರಿಗೆ ಬೇಕಾಗಿದ್ದದ್ದು ಅರವತ್ನಾಲ್ಕು ಬೈಟಿನ ಚಿಕ್ಕ ಪ್ಯಾಕೆಟ್ಟುಗಳು, ಸೆಕೆಂಡಿಗೆ ಕನಿಷ್ಠ ಆರು ಲಕ್ಷ. ಪ್ಯಾಕೆಟ್ ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿಯೊಂದಕ್ಕೂ ಕಂಪ್ಯೂಟರು ಪಡುವ ಶ್ರಮ ಒಂದೇ. ಬಿಂದುಮಾಧವನ ಹಳೆಯ ಪ್ರೋಗ್ರಾಮು ಹೊಸ ಯಂತ್ರದ ಮೇಲೆ ಏದುಸಿರು ಬಿಡುತ್ತ ಒಂದು ಲಕ್ಷ ಅರವತ್ತು ಸಾವಿರ ಮುಟ್ಟಿತು.

"ಹೊಸದಾಗಿ ಬರೆಯಬೇಕು," ಎಂದರು ಮಾರ್ತಾಂಡ ಸಾಹೇಬರು ಮೀಟಿಂಗಿನಲ್ಲಿ. "ಚನ್ನವೀರ್, ನೀನು ಬರಿ. ಗಲಗಲಿ, ನೀವು ಮೇಲಿಂದ ನೋಡಿಕೊಳ್ಳಿ."

ಮೇಲಿಂದ ನೋಡಿಕೊಳ್ಳುವುದು! ಮುದುಕರಿಗೆ ಕಟ್ಟೆಯ ಮೇಲೆ ಜಾಗ ತೋರಿಸಿದ ಹಾಗೆ. ಬಿಂದುಮಾಧವನಿಗೆ ಆಗ ನಲವತ್ತೊಂದು.

ಆ ಶನಿವಾರ ಚನ್ನವೀರ ಸ್ವಾರಗೇಟ್ ನಿಲ್ದಾಣದಿಂದ ಎಸ್‌ಟಿ ಬಸ್ಸು ಹಿಡಿದು ಊರಿಗೆ ಹೋಗಿದ್ದ. ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇರಲಿಲ್ಲ. ಬಿಂದುಮಾಧವ ಲ್ಯಾಬಿನ ಬೀಗ ತೆಗೆದು ಒಳಗೆ ಹೋದ. ಹಿಂದೊಮ್ಮೆ ಯಾರೋ ಅವಸರದಲ್ಲಿ ಬೋರ್ಡು ಸುಟ್ಟ ಮೇಲೆ, ಯಂತ್ರಗಳ ಮುಚ್ಚಳ ತೆಗೆಯುವ ಅಧಿಕಾರ ಅವನೊಬ್ಬನಿಗೇ ಎಂದು ನಿಯಮವಾಗಿತ್ತು. ಆದರೆ ಈ ಹೊಸ ಯಂತ್ರ ಬಂದಾಗ ಅವನು ಮುಂಜಿಗೆಂದು ಧಾರವಾಡಕ್ಕೆ ಹೋಗಿದ್ದ. ತಂದುಕೊಟ್ಟವರ ಕಡೆಯ ಮನುಷ್ಯನೇ ನೆಟ್‌ವರ್ಕ್ ಕಾರ್ಡು ಕೂರಿಸಿ ಹೋಗಿದ್ದ. ಹೇಗೆ ಕೂರಿಸಿದ್ದಾನೆ ನೋಡೋಣ ಎಂದು ಅವನು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ.

ಒಂದೇ ನೋಟಕ್ಕೆ ಕಂಡಿತು. ಬೋರ್ಡಿನ ಮೇಲೆ ಎರಡು ಬಗೆಯ ಸ್ಲಾಟುಗಳಿದ್ದವು, ಗಿಡ್ಡ ಮತ್ತು ಉದ್ದ. ಉದ್ದನೆಯದು ಅಗಲ ರಸ್ತೆ ಇದ್ದಂತೆ, ವೇಗದ ಕಾರ್ಡಿಗೆಂದೇ ಇರುವುದು. ಆ ಮನುಷ್ಯ ಕಾರ್ಡನ್ನು ಗಿಡ್ಡ ಸ್ಲಾಟಿನಲ್ಲಿ ಒತ್ತಿ ಕೂರಿಸಿದ್ದ. ಕಾರ್ಡಿನ ಬಂಗಾರದ ಬಣ್ಣದ ಹಲ್ಲುಗಳಲ್ಲಿ ಮುಂದಿನ ಭಾಗ ಮಾತ್ರ ಒಳಗಿತ್ತು. ಉಳಿದವು ಹೊರಗೆ ಸುಮ್ಮನೆ ಚಾಚಿಕೊಂಡಿದ್ದವು. ಹಾಗಿಟ್ಟರೂ ಕಾರ್ಡು ಕೆಲಸ ಮಾಡುತ್ತದೆ. ಆದರೆ ಆ ಇಕ್ಕಟ್ಟಿನಲ್ಲಿ ಆರು ಲಕ್ಷ ಪ್ಯಾಕೆಟ್ ಹೊರಗೆ ಬರುವುದು ಯಾವ ದೇವರು ಬರೆದ ಪ್ರೋಗ್ರಾಮಿನಿಂದಲೂ ಆಗದು.

ಬದಲಾಯಿಸಲು ಎರಡು ನಿಮಿಷ ಸಾಕಿತ್ತು. ಬಿಂದುಮಾಧವ ಕಾರ್ಡಿನ ಅಂಚಿಗೆ ಬೆರಳಿಟ್ಟ. ಆಮೇಲೆ ಬೆರಳು ತೆಗೆದ.

ಅಷ್ಟು ಜಾಣ ಅಲ್ಲವೇ, ಅವನೇ ಕಂಡುಹಿಡಿಯಲಿ.

ಮುಚ್ಚಳ ಮುಚ್ಚಿ, ನಾಲ್ಕೂ ಸ್ಕ್ರೂ ತಿರುವಿ, ಬೀಗ ಹಾಕಿಕೊಂಡು ಮನೆಗೆ ಬಂದ.

ಮೊದಲ ವಾರದ ಕೊನೆಗೆ ಚನ್ನವೀರನ ಪ್ರೋಗ್ರಾಮು ಎರಡು ಲಕ್ಷ ಹತ್ತು ಸಾವಿರ ಕಳಿಸಿತು. ಎರಡನೆಯ ವಾರ ಎರಡು ಲಕ್ಷ ಅರವತ್ತು ಸಾವಿರ. ಅಲ್ಲಿಂದ ಮುಂದೆ ಅದು ಹೆಚ್ಚೇನೂ ಜಗ್ಗಲಿಲ್ಲ. ಚನ್ನವೀರ ಬರೆದದ್ದನ್ನು ಅಳಿಸಿ ಮತ್ತೆ ಬರೆದ. ಚಹಾಕ್ಕೆ ಏಳುವುದು ಬಿಟ್ಟ. ಗಡ್ಡ ಬೆಳೆಯಿತು. ಒಂದು ಮಧ್ಯಾಹ್ನ ಬಿಂದುಮಾಧವನ ಮೇಜಿನ ಹತ್ತಿರ ಬಂದು ನಿಂತ.

"ಸರ್, ಒಂದು ಮಾತು ಕೇಳ್ಲೇನ್ರಿ? ಪ್ರೊಸೆಸರ್ ಅರ್ಧಾ ಹೊತ್ತು ಸುಮ್ಮನ ಕುಂತಿರ್ತೈತ್ರಿ. ಅದಕ್ಕ ಕೆಲಸಾನಽ ಇಲ್ಲ. ಆದ್ರೂ ಪ್ಯಾಕೆಟ್ ಹೊರಗ ಹೋಗವಲ್ವು. ಮಶೀನಿನೊಳಗ ಒಮ್ಮಿ ನೋಡೂಣೇನ್ರಿ? ಕಾರ್ಡ್ ಬರೋಬರಿ ಕುಂತೈತೋ ಇಲ್ಲೋ ಅಂತ."

ಹುಡುಗ ಸರಿಯಾದ ಜಾಗಕ್ಕೇ ಬಂದು ನಿಂತಿದ್ದ. ಬಿಂದುಮಾಧವ ತನ್ನ ಮುಂದಿದ್ದ ಕಾಗದದಿಂದ ಕಣ್ಣೆತ್ತಲಿಲ್ಲ.

"ನಾ ನೋಡೇನಿ. ಎಲ್ಲಾ ಬರೋಬರಿ ಅದ. ಸುಮ್ಮನ ಮಶೀನಿನ ಮ್ಯಾಲೆ ಹಾಕಬ್ಯಾಡ, ನಿನ್ನ ಕೋಡ್ ನೋಡ್ಕೋ."

"ನೀವು ನೋಡೀರಂದ್ರ ಆತ್ ಬಿಡ್ರಿ," ಎಂದು ಚನ್ನವೀರ ತಕ್ಷಣ ಒಪ್ಪಿಕೊಂಡು ಹೋದ.

ಅಲ್ಲಿಯವರೆಗೆ ಅದು ಬರೀ ಮೌನವಾಗಿತ್ತು, ಈಗ ಸುಳ್ಳಾಯಿತು. ಬಿಂದುಮಾಧವನಿಗೆ ಅದು ಗೊತ್ತಾಯಿತು. ಆದರೆ ಅವನಿಗೆ ಹೆಚ್ಚು ಸಿಟ್ಟು ಬಂದದ್ದು ಹುಡುಗ ಅಷ್ಟು ಸುಲಭವಾಗಿ ನಂಬಿದ್ದಕ್ಕೆ. ವಾದಿಸಿದ್ದರೆ, ಒಂದು ಸಲ ತೋರಿಸ್ರಿ ಎಂದಿದ್ದರೆ, ತೋರಿಸಿಬಿಡುತ್ತಿದ್ದೆನೇನೋ ಎಂದುಕೊಂಡ. ತೋರಿಸುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ಈ ರವಿವಾರನೂ ಚನ್ನವೀರ ಬರಲಿಲ್ಲಲ್ಲ?" ಎಂದಳು ನೀತಾ.

"ಕೆಲಸ ಅದ ಅವಗ."

"ನೀವು ಒಂದೀಟು ಕೈಹಚ್ಚಬಾರದೇನು? ಒಬ್ಬನಽ ಒದ್ದಾಡ್ಲಿಕತ್ತಿರಬೇಕು, ಪಾಪ."

"ಪಾಪ ಏನು? ಕಲೀಲಿ," ಎಂದು ಅವನು ಪೇಪರು ತಿರುವಿದ.

ಮೂರನೆಯ ವಾರಕ್ಕೆ ಎರಡು ಲಕ್ಷ ಎಪ್ಪತ್ತು ಸಾವಿರ. ಗುರುವಾರ ಮಾರ್ತಾಂಡ ಸಾಹೇಬರು ಇಬ್ಬರನ್ನೂ ಒಳಗೆ ಕರೆದರು. "ಹುಡುಗ ಜಾಣನೇ. ಆದರೆ ಇದು ಅವನ ಕೈಮೀರಿದ್ದು," ಎಂದು ಅವರು, ಚನ್ನವೀರ ಅಲ್ಲೇ ಕೂತಿರುವಾಗಲೇ, ಮರಾಠಿಯಲ್ಲಿ ಹೇಳಿದರು. "ಗಲಗಲಿ, ಸೋಮವಾರದಿಂದ ನೀವೇ ತಗೊಳ್ಳಿ. ನಿಮ್ಮನ್ನೇ ಕೇಳಬೇಕಿತ್ತು ಮೊದಲಿಗೇ."

ಚನ್ನವೀರ ತಲೆಯಾಡಿಸಿದ. ಕತ್ತಿನಿಂದ ಕಿವಿಯವರೆಗೆ ಅವನ ಮುಖ ಕೆಂಪಾಗಿತ್ತು. ಬಿಂದುಮಾಧವನಿಗೆ ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಇಳಿದಂತಾಯಿತು. ಇಷ್ಟು ದಿನ ಕಾದದ್ದು ಈ ಒಂದು ಮಾತಿಗೇ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅವನು ಯಂತ್ರ ಬಿಚ್ಚಿದ. ಕಾರ್ಡನ್ನು ಎಳೆದು ಉದ್ದನೆಯ ಸ್ಲಾಟಿಗೆ ಹಾಕಿದ. ಹಲ್ಲುಗಳೆಲ್ಲ ಕಟ್ಟೆಂದು ಒಳಗೆ ಕೂತವು. ಹುಡುಗನ ಪ್ರೋಗ್ರಾಮನ್ನು ಮುಟ್ಟುವ ಮನಸ್ಸು ಅವನಿಗಿರಲಿಲ್ಲ. ತನ್ನ ಹಳೆಯದನ್ನೇ ಕಳೆದ ಎರಡು ದಿನ ಮನೆಯಲ್ಲಿ ಕೂತು ಅಲ್ಲಿಲ್ಲಿ ತಿದ್ದಿ ತಂದಿದ್ದ. ಅದನ್ನೇ ಓಡಿಸಿದ. ಪರದೆಯ ಮೇಲೆ ಅಂಕಿ ಏರಿತು, ನಿಂತಿತು.

ಒಂದು ಲಕ್ಷ ಎಪ್ಪತ್ತು ಸಾವಿರ.

ಇನ್ನೊಮ್ಮೆ ಓಡಿಸಿದ. ಅಷ್ಟೇ. ರಸ್ತೆ ಅಗಲವಾದರೂ ಬಂಡಿಗೆ ವೇಗವಿರಲಿಲ್ಲ. ತುಸು ಹೊತ್ತು ಕೈಕಟ್ಟಿ ಕೂತಿದ್ದು, ಚನ್ನವೀರನ ಪ್ರೋಗ್ರಾಮನ್ನು ತೆರೆದು ಓಡಿಸಿದ.

ಎಂಟು ಲಕ್ಷ ಇಪ್ಪತ್ತು ಸಾವಿರ.

ಅವನು ತಂತಿ ಕಿತ್ತು ಮತ್ತೆ ಚುಚ್ಚಿದ. ಯಂತ್ರ ಆರಿಸಿ ಹಚ್ಚಿದ. ಎಂಟು ಲಕ್ಷ ಇಪ್ಪತ್ತು ಸಾವಿರ.

ಆಮೇಲೆ ಹುಡುಗ ಬರೆದದ್ದನ್ನು ಓದತೊಡಗಿದ. ಬಿಂದುಮಾಧವನ ಪ್ರೋಗ್ರಾಮು ಒಂದೊಂದು ಪ್ಯಾಕೆಟ್ಟಿಗೂ ಹೊಸದಾಗಿ ಜಾಗ ಹುಡುಕಿ, ಅದರೊಳಗೆ ನಕಲು ಮಾಡಿ, ಕಾರ್ಡಿಗೆ ಗಂಟೆ ಬಾರಿಸಿ, ಹೋಯಿತು ಎಂದು ಕಾರ್ಡು ಉತ್ತರ ಕೊಡುವವರೆಗೆ ಕಾಯುತ್ತಿತ್ತು. ಚನ್ನವೀರ ಎಲ್ಲ ಪ್ಯಾಕೆಟ್ಟುಗಳನ್ನೂ ಮೊದಲೇ ಸಿದ್ಧಮಾಡಿ ಇಟ್ಟುಬಿಟ್ಟಿದ್ದ. ನಕಲು ಮಾಡುವ ಮಾತೇ ಇಲ್ಲ. ಮೂವತ್ತೆರಡನ್ನು ಸಾಲಿಗೆ ಹಚ್ಚಿ ಒಂದೇ ಸಲ ಗಂಟೆ ಬಾರಿಸುತ್ತಿದ್ದ. ಕಾರ್ಡು ಉತ್ತರ ಕೊಡುವುದನ್ನೇ ನಿಲ್ಲಿಸಿ, ಕಳಿಸಿ ಮುಗಿದವನ್ನು ಬಿಡುವಾದಾಗ ಒಟ್ಟಿಗೆ ಎಣಿಸಿಕೊಳ್ಳುತ್ತಿದ್ದ. ತಪ್ಪೆಲ್ಲ ತನ್ನದೇ ಎಂದು ನಂಬಿ, ಮೂರು ವಾರ ಒಂದೊಂದು ಸಾಲನ್ನೂ ಕೆತ್ತಿ ಕೆತ್ತಿ ಸಣ್ಣಗೆ ಮಾಡಿದ್ದ. ಇಕ್ಕಟ್ಟು ಇರದೇ ಹೋಗಿದ್ದರೆ ಆರು ಲಕ್ಷಕ್ಕೆ ನಿಲ್ಲಿಸಿಬಿಡುತ್ತಿದ್ದನೋ ಏನೋ.

ಇದು ನನಗೇಕೆ ಹೊಳೆಯಲಿಲ್ಲ? ಹತ್ತು ವರ್ಷ ಇದೇ ಕೆಲಸ ಮಾಡಿದೆನಲ್ಲ. ಲ್ಯಾಬಿನಲ್ಲಿ ಒಬ್ಬನೇ ಕೂತಿದ್ದ ಬಿಂದುಮಾಧವನಿಗೆ ಕಣ್ಣು ಉರಿಯಿತು. ಇಷ್ಟು ದಿನ ಅವನು ಹುಡುಗನ ಹೆಸರಿಗೆ, ನಗುವಿಗೆ, ಸುತ್ತ ಸೇರುವ ಜನಕ್ಕೆ ಹೊಟ್ಟೆಕಿಚ್ಚು ಪಟ್ಟಿದ್ದ. ಈಗ ಮೊದಲ ಸಲ ಅವನ ಕೆಲಸಕ್ಕೆ ಪಟ್ಟ, ಅದು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಹತ್ತು ಗಂಟೆಗೆ ಮಾರ್ತಾಂಡ ಸಾಹೇಬರು ಬಂದು ಪರದೆ ನೋಡಿ ಬಾಯಿ ತೆರೆದರು. "ಏನು ಮಾಡಿದಿರಿ?"

"ಕಾರ್ಡು ತಪ್ಪು ಸ್ಲಾಟಿನಲ್ಲಿತ್ತು. ಬದಲಾಯಿಸಿದೆ."

ಅವನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಓಡುತ್ತಿರುವ ಪ್ರೋಗ್ರಾಮು ಯಾರದು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಸಾಹೇಬರು ಬಾಗಿಲಿಗೆ ಹೋಗಿ ಇಡೀ ಹಾಲಿಗೆ ಕೇಳುವಂತೆ ಕೂಗಿದರು: "ಮೂರು ವಾರದ ಕೆಲಸ ಗಲಗಲಿಯವರು ಒಂದು ಬೆಳಿಗ್ಗೆ ಮುಗಿಸಿದ್ದಾರೆ! ಅನುಭವ ಅಂದರೆ ಇದು!"

ಎಲ್ಲರೂ ಬಂದರು. ಕೊನೆಗೆ ಚನ್ನವೀರ ಬಂದ. ಅಂಕಿ ನೋಡಿದ, ತೆರೆದಿದ್ದ ಯಂತ್ರದೊಳಗೆ ಬಗ್ಗಿ ನೋಡಿದ.

"ಉದ್ದನ್ನ ಸ್ಲಾಟಿಗೆ ಹಾಕಿದ್ರೇನ್ರಿ?"

"ಹೌದು."

ಚನ್ನವೀರ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. "ಛಲೋ ಆತ್ರಿ," ಎಂದು ಹೇಳಿ ಹೊರಗೆ ಹೋದ. ಮರುದಿನ ಬಿಂದುಮಾಧವನ ಮೇಜಿನ ಮೇಲೆ ಹುಡುಗನ ಹದಿನೈದು ದಿನದ ರಜೆಯ ಅರ್ಜಿ ಇತ್ತು.

ನಾಲ್ಕು ದಿನ ಬಿಂದುಮಾಧವ ಹಳೆಯ ಕಾಲದಂತೆ ಓಡಾಡಿದ. ಜನ ಅವನ ಮೇಜಿನ ಹತ್ತಿರ ಬಂದು ಮಾತಾಡಿಸಿದರು. ಗಿರಾಕಿಗಳಿಗೆ ತೋರಿಸುವ ಮುನ್ನ ದೀರ್ಘ ಪರೀಕ್ಷೆಗೆಂದು ಶುಕ್ರವಾರ ಡಬ್ಬಿಯನ್ನು ಓಡಲು ಬಿಟ್ಟ. ಒಂದೂವರೆ ಗಂಟೆಯ ಹತ್ತಿರ ಹತ್ತಿರ ಅದು ನಿಂತುಬಿಟ್ಟಿತು. ಮತ್ತೆ ಹಚ್ಚಿದ, ಮತ್ತೆ ಅದೇ ಹೊತ್ತಿಗೆ ನಿಂತಿತು. ಮುಂದಿನ ವಾರವಿಡೀ ಹುಡುಕಿದ. ಕಳಿಸಿ ಮುಗಿದ ಪ್ಯಾಕೆಟ್ಟುಗಳನ್ನು ಎಣಿಸುವ ಭಾಗದಲ್ಲಿ ಎಲ್ಲೋ ತೊಡಕಿದೆ ಎಂಬುದಷ್ಟೇ ತಿಳಿಯಿತು. ಆ ಭಾಗವನ್ನು ಚನ್ನವೀರ ಎಷ್ಟು ಬಿಗಿಯಾಗಿ ಹೆಣೆದಿದ್ದನೆಂದರೆ ಇವನಿಗೆ ಒಂದು ಎಳೆಯೂ ಬಿಡಿಸಲಾಗಲಿಲ್ಲ.

ಆ ಒಂದು ಭಾಗ ಚನ್ನವೀರನದು ಎಂದಷ್ಟೇ ಬಿಂದುಮಾಧವ ಹೇಳಿದ. "ಹಾಗಾದರೆ ಚನ್ನವೀರನನ್ನು ಕರೆಸಿ," ಎಂದರು ಸಾಹೇಬರು. ಅವನು ಮೊಬೈಲ್ ಎತ್ತಲಿಲ್ಲ. ಊರಲ್ಲಿ ಅವರ ಬೆಲ್ಲದ ಅಂಗಡಿಯ ಫೋನಿಗೆ ಹಚ್ಚಿದರೆ ಅವನ ತಾಯಿ ನಾಗವ್ವ, "ಹೊರಗ ಹೋಗ್ಯಾನ್ರಿ," ಎಂದಳು, ಮೂರು ಸಲವೂ. ರವಿವಾರ ಬಿಂದುಮಾಧವ ತಾನೇ ಸ್ವಾರಗೇಟಿಗೆ ಹೋಗಿ ಭೋರಿನ ಎಸ್‌ಟಿ ಹತ್ತಿದ. ಕಾತ್ರಜ ಘಾಟು ದಾಟಿ, ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಒಳದಾರಿ ಹಿಡಿಯುವವರೆಗೂ ತಾನು ಡಬ್ಬಿಯ ಕೆಲಸಕ್ಕಾಗಿ ಹೋಗುತ್ತಿದ್ದೇನೆ ಎಂದೇ ಅವನು ಅಂದುಕೊಂಡಿದ್ದ. ಬೇರೆ ಏನೂ ಹೇಳುವ ಯೋಚನೆ ಅವನಿಗಿರಲಿಲ್ಲ.

ಅಂಗಡಿ ಪೇಟೆಯ ನಡುವೆ ಇತ್ತು. ಬೆಲ್ಲ, ಅಕ್ಕಿ, ಕಾಳುಕಡಿ. ಹಣೆಗೆ ವಿಭೂತಿ ಧರಿಸಿ ಕೂತಿದ್ದ ಚನ್ನವೀರನ ತಂದೆ ಸಿದ್ದಲಿಂಗಪ್ಪ ಹೆಸರು ಕೇಳಿದ್ದೇ ಎದ್ದು ನಿಂತ.

"ಗಲಗಲಿ ಸಾಹೇಬ್ರಾ! ಬರ್ರಿ, ಬರ್ರಿ. ನಮ್ಮ ಹುಡುಗನ ಕೈಹಿಡದಾವ್ರು ನೀವು. ಏ ಇವಳಽ, ಚಹಾ ತಾ. ಚನ್ಯಾ, ನೋಡು ಯಾರ್ ಬಂದಾರ!"

ಚನ್ನವೀರ ಒಳಗಿನಿಂದ ಬಂದ. ಗಡ್ಡ ತೆಗೆದಿದ್ದ, ಸೊರಗಿದ್ದ. "ಬರ್ರಿ ಸರ್," ಎಂದನಷ್ಟೆ. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಬಿಂದುಮಾಧವ ಡಬ್ಬಿ ನಿಲ್ಲುವುದನ್ನೂ, ತೊಡಕು ಅವನ ಎಣಿಸುವ ಭಾಗದಲ್ಲಿರುವುದನ್ನೂ ಹೇಳಿದ.

"ಎಷ್ಟೊತ್ತಿಗೆ ನಿಲ್ತೈತ್ರಿ?"

"ಎಂಬತ್ತೇಳು ನಿಮಿಷಕ್ಕ. ಪ್ರತೀ ಸಲ."

"ಸೆಕೆಂಡಿಗೆ ಎಂಟು ಲಕ್ಷ ಇಪ್ಪತ್ತು ಸಾವಿರ..." ಚನ್ನವೀರ ರಸ್ತೆ ನೋಡುತ್ತ ತುಟಿಯಲ್ಲೇ ಲೆಕ್ಕ ಹಾಕಿದ. ಎದುರಿನ ಅಂಗಡಿಯವನು ಒಂದು ಚೀಲ ಇಳಿಸಿ ಇನ್ನೊಂದಕ್ಕೆ ಬೆನ್ನು ಕೊಡುವಷ್ಟು ಹೊತ್ತು. "ನಾನೂರಾ ಇಪ್ಪತ್ತೊಂಬತ್ತು ಕೋಟಿ ಆತ್ರಿ. ಎಣಿಸೂ ಜಾಗಾ ಮೂವತ್ತೆರಡು ಬಿಟ್ಟಿಂದು, ಅದಕ್ಕಿಂತ ಮುಂದಿಲ್ಲ. ತುಂಬಿ ಸೊನ್ನಿಗೆ ಬರ್ತೈತಿ, ನನ್ನ ಕೋಡಿಗೆ ದಿಕ್ಕು ತಪ್ತೈತಿ. ನಾ ಇದ್ದಾಗ ಅಷ್ಟು ಪ್ಯಾಕೆಟ್ ಎಂದೂ ಹೋಗಿರಲಿಲ್ಲ. ಅದೊಂದನ್ನ ಅರವತ್ನಾಲ್ಕು ಬಿಟ್ ಮಾಡ್ರಿ, ಮುಗೀತು."

ತಾನು ಒಂದು ವಾರ ತಲೆಕೆಡಿಸಿಕೊಂಡದ್ದನ್ನು ಅವನು ಮೆಟ್ಟಿಲ ಮೇಲೆ ಕೂತು, ಪೆನ್ನೂ ಇಲ್ಲದೆ ಬಿಡಿಸಿದ್ದ. ಬಿಂದುಮಾಧವನಿಗೆ ಕೂಡಲೇ ಒಂದು ಯೋಚನೆ ಬಂತು: ಉತ್ತರ ಸಿಕ್ಕಿತು. ಇನ್ನು ಈ ಹುಡುಗ ಬೇಕಾಗಿಲ್ಲ. ನಾಳೆ ಹೋಗಿ ಒಂದು ಸಾಲು ತಿದ್ದಿದರೆ ಇದೂ ನನ್ನದೇ.

ಆಗ ಸಿದ್ದಲಿಂಗಪ್ಪ ಗಾದಿಯಿಂದ ಇಳಿದು ಬಂದು ಮಗನ ಪಕ್ಕದಲ್ಲಿ ನಿಂತ.

"ಸಾಹೇಬ್ರ, ನೀವಽ ಹೇಳ್ರಿ. ಇಂವ ನೌಕರಿ ಬಿಡ್ತೀನಿ ಅಂತಾನ. ನನ್ನ ತಲಿಗೆ ಅದು ಹತ್ತೂದಲ್ಲ, ಅಂಗಡ್ಯಾಗ ಕೂಡ್ತೀನಿ ಅಂತಾನ. ನೀವು ಹಿರ್‍ಯಾರು, ಖರೇ ಹೇಳ್ರಿ. ಅಷ್ಟು ತಲೀ ಐತೋ ಇಲ್ಲೋ ಇಂವಗ? ಇಲ್ಲಂದ್ರ ಇಲ್ಲ ಅನ್ರಿ, ನನಗೇನು ಬ್ಯಾಸರಿಲ್ಲ. ಅಂಗಡಿಗೂ ಒಬ್ಬಾಂವ ಬೇಕು."

ಚನ್ನವೀರ ತಲೆ ತಗ್ಗಿಸಿ ಕೂತಿದ್ದ. ನಾಗವ್ವ ಚಹಾದ ಬಟ್ಟಲು ಹಿಡಿದು ಹೊಸ್ತಿಲಲ್ಲೇ ನಿಂತಳು. "ನೋಡ್ರಿ, ಅವನಿಗೆ ಮನಸ್ಸಿಲ್ಲ ಅಂದಮೇಲೆ..." ಎಂಬ ವಾಕ್ಯ ಬಿಂದುಮಾಧವನ ನಾಲಗೆಯ ತುದಿಗೆ ಬಂದಿತ್ತು. ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಹೆದರಿಕೆಯಾಯಿತು.

"ನಮ್ಮ ಕಂಪನಿಯೊಳಗ ಇವನಷ್ಟು ಬಲ್ಲಾಂವ ಯಾರೂ ಇಲ್ಲ," ಎಂದ. "ನನಗೂ ಇವನಷ್ಟು ಬರೂದಿಲ್ಲ."

"ಮತ್ತ ಯಾಕ ಹೊಳ್ಳಿ ಬಂದಾನ್ರಿ ಇಂವ?"

"ನನ್ನ ಸಲುವಾಗಿ." ಬಿಂದುಮಾಧವ ಚನ್ನವೀರನ ಕಡೆ ತಿರುಗಿದ. "ಕಾರ್ಡು ತಪ್ಪು ಜಾಗಾದಾಗ ಇದ್ದದ್ದು ನನಗ ಮೊದಲನೇ ವಾರದಿಂದ ಗೊತ್ತಿತ್ತು. ನೀ ಕೇಳಿದಾಗ ಸುಳ್ಳು ಹೇಳಿದೆ. ಆಮ್ಯಾಲೆ ನಿನ್ನ ಕೋಡ್ ಓಡಿಸಿ ನಾ ಹೆಸರು ತಗೊಂಡೆ."

"ಯಾಕ್ರಿ?" ಎಂದ ಸಿದ್ದಲಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

"ಹೊಟ್ಟಿಕಿಚ್ಚು."

ಸಿದ್ದಲಿಂಗಪ್ಪ ಹೆಂಡತಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಬಿಂದುಮಾಧವನ ಪಕ್ಕದಲ್ಲಿಟ್ಟ. "ಚಹಾ ಕುಡೀರಿ, ಆರ್ತೈತಿ," ಎಂದು ಹೇಳಿ ಗಾದಿಗೆ ಹೋಗಿ ಕೂತ. ಆಮೇಲೆ ಅವನು ಈ ಕಡೆ ನೋಡಲಿಲ್ಲ.

"ಅವತ್ತ ಯಂತ್ರ ನೋಡಿದಾಗ ನನಗ ಅನ್ನಿಸಿತ್ರಿ," ಎಂದ ಚನ್ನವೀರ. "ಆದ್ರ ಇರಲಿಕ್ಕಿಲ್ಲ ಅಂದ್ಕೊಂಡೆ. ನಿಮ್ಮ ಮನ್ಯಾಗ ವೈನಿ ಕೈಯಾಗಿಂದು ಉಂಡೀನಿ. ನೀವು ಹಂಗ ಮಾಡೂದಿಲ್ಲ ಅಂತ ತಿಳದು, ನನಗಽ ತಲೀ ಇಲ್ಲ ಅಂತ ನಂಬಿದೆ. ಅದು ಸುಲಭ ಆತು." ಈಗ ಅವನು ತಿರುಗಿ ಇವನ ಮುಖ ನೋಡಿದ. "ಮೂರು ವಾರಾ ಸರ್. ರಾತ್ರಿ ನಿದ್ದಿ ಹತ್ತತಿರಲಿಲ್ಲ ನನಗ."

ಬಿಂದುಮಾಧವ ಆರಿದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದ.

"ಮಾರ್ತಾಂಡ ಸಾಹೇಬ್ರಿಗೆ ಹೇಳ್ತೀರೇನ್ರಿ?"

"ಹೇಳ್ತೇನಿ."

"ಹೇಳಿದ ಮ್ಯಾಲೆ ಫೋನ್ ಮಾಡ್ರಿ. ಬರೂದೋ ಬ್ಯಾಡೋ ಆವಾಗ ನೋಡ್ತೀನಿ."

ಸಂಜೆ ಮನೆಯಲ್ಲಿ ಅವನು ನೀತಾಗೂ ಹೇಳಿದ. ಅವಳು ಕುಕ್ಕರಿನ ಮುಂದೆ ನಿಂತು ಪೂರ್ತಿ ಕೇಳಿದಳು. "ನಮ್ಮ ಮನ್ಯಾಗ ಉಂಡ ಹುಡುಗ ಅಂವ," ಎಂದಳು. ಎರಡು ದಿನ ಅವನ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಸೋಮವಾರ ಮಾರ್ತಾಂಡ ಸಾಹೇಬರು ಕೇಳಿ ಮುಗಿಸಿ, ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. "ಹನ್ನೊಂದು ವರ್ಷ, ಗಲಗಲಿ," ಎಂದರು. ಲ್ಯಾಬಿನ ಕೀಲಿ ಕೇಳಿ ಇಸಿದುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಮಧ್ಯಾಹ್ನ ಹಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಡಬ್ಬಿಯ ಪ್ರೋಗ್ರಾಮು ಪೂರ್ತಿ ಚನ್ನವೀರನದು, ಎರಡು ವಾರದ ಹಿಂದೆ ತಾವು ಹೇಳಿದ್ದು ತಪ್ಪು ಎಂದಷ್ಟೇ ಹೇಳಿದರು. ಯಾರೂ ಬಿಂದುಮಾಧವನ ಕಡೆ ನೋಡಲಿಲ್ಲ. ನೋಡಬಾರದೆಂದು ನೋಡದಿರುವುದು ಅವನಿಗೆ ತಿಳಿಯುತ್ತಿತ್ತು.

ಚನ್ನವೀರ ಬುಧವಾರ ಬಂದ. ಅರ್ಧ ಗಂಟೆಯಲ್ಲಿ ಎಣಿಕೆ ಸರಿಮಾಡಿದ. ಡಬ್ಬಿ ಆ ದಿನ ಆರು ಗಂಟೆ ನಿಲ್ಲದೆ ಓಡಿತು. ಗಿರಾಕಿಗಳು ಬಂದು ನೋಡಿ ಒಪ್ಪಿದರು. ಅವರು ಚನ್ನವೀರನ ಕೈಕುಲುಕುವಾಗ ಬಿಂದುಮಾಧವ ಹಿಂದಿನ ಸಾಲಿನಲ್ಲಿ ನಿಂತಿದ್ದ. ಎಲ್ಲ ಹೇಳಿ ಹಗುರಾದ ಮೇಲೆ ಹೊಟ್ಟೆಕಿಚ್ಚು ಹೋಗಿರುತ್ತದೆ ಎಂದು ಅವನು ತಿಳಿದಿದ್ದ. ಹೋಗಿರಲಿಲ್ಲ. ಅಲ್ಲೇ, ಪಕ್ಕೆಲುಬಿನ ಕೆಳಗೆ, ಬೆಚ್ಚಗೆ ಕೂತಿತ್ತು.

ಚನ್ನವೀರ ಮತ್ತೆ ಅವರ ಮನೆಗೆ ಊಟಕ್ಕೆ ಬರಲಿಲ್ಲ. ಪೂರ್ವಾ ಕೆಲವು ರವಿವಾರ ಕೇಳಿ ಸುಮ್ಮನಾದಳು. ದೀಪಾವಳಿಯ ಹೊತ್ತಿಗೆ ಅವನನ್ನು ಆ ತಂಡದ ಮುಖ್ಯಸ್ಥನನ್ನಾಗಿ ಮಾಡಿದರು. ಬಿಂದುಮಾಧವ ಅವನ ಕೈಕೆಳಗೆ ಬಂದ. ಬೇರೆ ಕಂಪನಿಗೆ ಹೋಗುವ ಯೋಚನೆ ಅವನಿಗೆ ಬಂದದ್ದುಂಟು. ಆದರೆ ಆ ಮೂವತ್ತೆರಡರ ಸಾಲು, ಆ ಒಂದೇ ಗಂಟೆ, ಅದನ್ನು ಪೂರ್ತಿ ಅರ್ಥಮಾಡಿಕೊಳ್ಳದೆ ಹೋಗಲು ಮನಸ್ಸು ಒಪ್ಪಲಿಲ್ಲ. ದಿನಾ ಸಂಜೆ ಒಂದು ತಾಸು ಅದನ್ನೇ ಓದುತ್ತಿದ್ದ. ತಿಳಿಯದಿದ್ದರೆ ಹೋಗಿ ಕೇಳುತ್ತಿದ್ದ. ಚನ್ನವೀರ ಹೇಳಿಕೊಡುತ್ತಿದ್ದ, "ಸರ್" ಎಂದೇ ಕರೆಯುತ್ತಿದ್ದ, ನಗುತ್ತಿರಲಿಲ್ಲ.

ಮರುವರ್ಷ ಎರಡು ತಂತಿಗಳ ಮೇಲೆ ಒಟ್ಟಿಗೆ ಕಳಿಸುವ ಡಬ್ಬಿ ಬೇಕಾಯಿತು. ಎರಡು ಪ್ರೊಸೆಸರುಗಳಿಗೆ ಕೆಲಸ ಹಂಚುವ ಭಾಗವನ್ನು ಬಿಂದುಮಾಧವ ಬರೆದ. ಚನ್ನವೀರ ಅದನ್ನು ಓದಿ ಎರಡು ಕಡೆ ಕೆಂಪು ಗೆರೆ ಎಳೆದು ವಾಪಸು ಕೊಟ್ಟ. "ಇವೆರಡೂ ತಪ್ಪು ಅನ್ನಿಸ್ತೈತ್ರಿ ಸರ್. ನೋಡ್ರಿ."

ಬಿಂದುಮಾಧವ ಹಲ್ಲು ಕಚ್ಚಿಕೊಂಡು ತನ್ನ ಮೇಜಿಗೆ ಬಂದು ಕೂತ. ಒಂದು ಕಡೆ ಚನ್ನವೀರ ಹೇಳಿದ್ದು ಸರಿಯಾಗಿತ್ತು, ತಿದ್ದಿದ. ಇನ್ನೊಂದು ಕಡೆ ತಾನು ಬರೆದದ್ದೇ ಸರಿ ಎಂದು ಅಳೆದು ತೋರಿಸಲು ಅವನಿಗೆ ಶುಕ್ರವಾರದವರೆಗೆ ಹಿಡಿಯಿತು. ಚನ್ನವೀರ ಅಂಕಿಗಳನ್ನು ಎರಡು ಸಲ ನೋಡಿದ.

"ಹೌದ್ರಿ," ಎಂದ. "ಇದು ನನಗ ತಿಳದಿರಲಿಲ್ಲ." ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟ. "ಹೆಂಗ ಮಾಡಿದ್ರಿ, ಮೊದಲಿಂದ ಹೇಳ್ರಿ."